ರೈಫಲ್ಲಿನ ಹಿಂದಿನ ಚೀಲ: ಹೊಲಿಯೋದು, ತುಂಬೋದು, ಕೂರಿಸೋದು

ಮಂಡ್ಯದಲ್ಲಿ ಆಟೋ, ಬೈಕು, ಟ್ರ್ಯಾಕ್ಟರ್ ಸೀಟು ಹೊಲಿಯೋದು ನನ್ನ ಕಸುಬು. ಇಪ್ಪತ್ತೆರಡು ವರ್ಷದಿಂದ ರೆಕ್ಸಿನ್ನು, ಕ್ಯಾನ್ವಾಸು, ಸ್ಪಂಜಿನ ನಡುವೆಯೇ ಇದ್ದೀನಿ. ಭಾನುವಾರ ಮಾತ್ರ ಅಂಗಡಿ ಬಾಗಿಲು ಹಾಕಿ ಪಾಂಡವಪುರದ ಕಡೆ ಇರೋ ನಮ್ಮ ಭಾವನ ತೋಟಕ್ಕೆ ಹೋಗ್ತೀನಿ. ಅಲ್ಲಿ ಹೊಂಗೆ ಮರದ ಕೆಳಗೆ ಕಡಪ ಕಲ್ಲಿನ ಮೇಜು, 25 ಮೀಟರ್ ಆಚೆ ಎರಡಾಳೆತ್ತರದ ಮಣ್ಣಿನ ದಿಬ್ಬ, ಅದರ ಮುಂದೆ ಗುರಿಹಲಗೆ. ನಾನು ಏರ್ ರೈಫಲ್ ಬೆಂಚ್‌ರೆಸ್ಟ್ ಅಭ್ಯಾಸ ಮಾಡೋ ಜಾಗ ಇದು.

ಬೆಂಚ್‌ರೆಸ್ಟಿನಲ್ಲಿ ರೈಫಲ್ಲಿನ ಮುಂಭಾಗ ಒಂದು ಸ್ಟ್ಯಾಂಡಿನ ಮೇಲೆ, ಹಿಂಭಾಗ ಒಂದು ಚೀಲದ ಮೇಲೆ ಕೂತಿರುತ್ತೆ. ನಾವು ಕುರ್ಚಿ ಹಾಕ್ಕೊಂಡು ಕೂತು ಹೊಡೀತೀವಿ. ವಿಶ್ವಮಟ್ಟದ ಏರ್ ರೈಫಲ್ ಬೆಂಚ್‌ರೆಸ್ಟ್ ಪಂದ್ಯಗಳಲ್ಲಿ ಒಂದು ಕಾರ್ಡಿಗೆ 25 ಗುರಿ, ಒಟ್ಟು 250 ಅಂಕ. ಪಕ್ಕದ ಗದ್ದೆಯ ಹಿರಿಯರೊಬ್ಬರು ಮೊದಲ ದಿನವೇ ಕೇಳಿದ್ರು: "ಮೂಟೆ ಮೇಲೆ ಮಡೀಕಂಡು ಹೊಡೆಯೋದು ಯಾವ ಸೀಮೆ ಗುರಿನಪ್ಪಾ?" ಅವರನ್ನೇ ಕುರ್ಚಿಯಲ್ಲಿ ಕೂರಿಸಿ ಸ್ಕೋಪಿನೊಳಗೆ, ಅಂದರೆ ರೈಫಲ್ಲಿನ ಮೇಲಿನ ದುರ್ಬೀನಿನೊಳಗೆ, ನೋಡೋಕೆ ಹೇಳಿದೆ. ಕೈ ನಡುಕ ಹೋದ ಮೇಲೆ ಉಳಿದ ಎಲ್ಲ ತಪ್ಪೂ ಎದ್ದು ಕಾಣುತ್ತೆ. ಗಾಳಿ, ಪೆಲೆಟ್ಟು (ಏರ್ ರೈಫಲ್ಲಿನ ಪುಟ್ಟ ಗುಂಡು), ಮೇಜು, ಚೀಲ, ಯಾವುದರ ಲೋಪವೂ ಮುಚ್ಚಿಡೋಕೆ ಆಗಲ್ಲ. ಅವುಗಳಲ್ಲಿ ನಮ್ಮ ಕೈಯಲ್ಲೇ ಪೂರ್ತಿ ಸರಿಮಾಡಿಕೊಳ್ಳಬಹುದಾದ್ದು ಚೀಲ. ಆದರೂ ಜನ ಸ್ಕೋಪಿಗೆ ಸಾವಿರಗಟ್ಟಲೆ ಸುರಿದು, ಹಿಂದಕ್ಕೆ ಒಂದು ಹಳೇ ದಿಂಬು ತುರುಕ್ತಾರೆ. ಅದು ನೋಡಿದ್ರೆ ನನಗೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ.

ಲೆಕ್ಕ ಹಾಕಿ. ನನ್ನ ಮುಂದಿನ ಸ್ಟ್ಯಾಂಡಿಗೂ ಹಿಂದಿನ ಚೀಲಕ್ಕೂ 60 ಸೆಂಟಿಮೀಟರ್ ದೂರ. ಹಿಂದೆ 1 ಮಿ.ಮೀ. ಕುಸಿದರೆ 25 ಮೀಟರಿನಲ್ಲಿ ಪೆಲೆಟ್ಟು ಸುಮಾರು 42 ಮಿ.ಮೀ. ಮೇಲೆ ಬೀಳುತ್ತೆ. 25,000ವನ್ನು 600ರಿಂದ ಭಾಗಿಸಿದರೆ ಸಿಗೋ ಲೆಕ್ಕ ಅದು. 0.1 ಮಿ.ಮೀ., ಅಂದರೆ ಜೆರಾಕ್ಸ್ ಅಂಗಡಿಯ ಒಂದು ಹಾಳೆಯ ದಪ್ಪ ಕುಸಿದರೂ 4 ಮಿ.ಮೀ. ವ್ಯತ್ಯಾಸ. ನಮ್ಮ ಪೆಲೆಟ್ಟಿನ ಅಗಲವೇ 4.5 ಮಿ.ಮೀ.

ಇದು ನನಗೆ ತಿಳಿದದ್ದು ತಡವಾಗಿ. ಮೊದಲು ಆನ್‌ಲೈನಿನಲ್ಲಿ ತರಿಸಿದ ಚೀಲ ಒಂದಿತ್ತು. ನೋಡೋಕೆ ಚೆಂದ, ಒಳಗೆ ಥರ್ಮಾಕೋಲ್ ಕಾಳು, ಎತ್ತಿದ್ರೆ ತೂಕವೇ ಇಲ್ಲ. ಐದು ಪೆಲೆಟ್ಟು ಹೊಡೆದರೆ ಅಡ್ಡಕ್ಕೆ ಒಂದು ರೂಪಾಯಿ ನಾಣ್ಯದೊಳಗೆ, ಉದ್ದಕ್ಕೆ ಮಾತ್ರ ಏಣಿ ಹತ್ತಿದ ಹಾಗೆ ಒಂದರ ಮೇಲೊಂದು. ಸ್ಕೋಪಿನ ಮೌಂಟ್ ಬಿಚ್ಚಿ ಕಟ್ಟಿದೆ, ಪೆಲೆಟ್ ಡಬ್ಬಿ ಬದಲಾಯಿಸಿದೆ, ಎರಡು ತಿಂಗಳು ಹೋಯ್ತು. ಒಂದು ದಿನ ಗಾಳಿ ಇಲ್ಲದ ಬೆಳಗಿನ ಜಾವ, ರೈಫಲ್ಲಿಗೆ ಪೆಲೆಟ್ ಹಾಕದೆ, ಚೀಲದ ಮೇಲಿಟ್ಟು, ಕೈ ತೆಗೆದು ಸುಮ್ಮನೆ ಸ್ಕೋಪಿನಲ್ಲಿ ನೋಡ್ತಾ ಕೂತೆ. ಕ್ರಾಸ್‌ಹೇರ್, ಅಂದರೆ ಸ್ಕೋಪಿನೊಳಗಿನ ಕೂಡುಗೆರೆ, ಗುರಿಹಲಗೆಯ ಕಪ್ಪು ಚುಕ್ಕೆಯ ನಡುವಿಂದ ಮೆಲ್ಲಗೆ ಮೇಲಕ್ಕೆ ತೆವಳ್ತಾ ಇತ್ತು. ಯಾರೂ ಮುಟ್ಟಿಲ್ಲ. ರೈಫಲ್ಲಿನ ಭಾರಕ್ಕೇ ಒಳಗಿನ ಕಾಳು ಒಂದರ ಪಕ್ಕ ಒಂದು ಜಾರ್ತಾ, ಹಿಂಭಾಗ ಇಳೀತಾ, ನಳಿಗೆಯ ಬಾಯಿ ಏಳ್ತಾ ಇತ್ತು. ಒಂದು ನಿಮಿಷದಲ್ಲಿ ಕ್ರಾಸ್‌ಹೇರ್ ಚುಕ್ಕೆ ದಾಟಿ ಹೋಯ್ತು. ನಿಮ್ಮ ಹತ್ತಿರ ಈಗಾಗಲೇ ಚೀಲ ಇದ್ದರೆ ಮೊದಲು ಈ ಪರೀಕ್ಷೆ ಮಾಡಿ. ಒಂದು ನಿಮಿಷ ಕ್ರಾಸ್‌ಹೇರ್ ನಿಂತ ಕಡೆ ನಿಂತರೆ ಹೊಸ ಚೀಲಕ್ಕೆ ದುಡ್ಡು ಹಾಕಬೇಡಿ.

ಮುಂದೆ ಹೋಗೋ ಮುಂಚೆ ಕಾನೂನಿನ ವಿಷಯ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ವ್ಯಾಸ ಮತ್ತು 20 ಜೂಲ್ ಶಕ್ತಿ ಮೀರದ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಡ, ಮೀರಿದ್ದಕ್ಕೆ ಬೇಕು. ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಅದು ಆಟದ ಸಾಮಾನಲ್ಲ. ದಿಬ್ಬದ ಹಿಂದೆ ದನ, ಜನ ಓಡಾಡೋ ದಾರಿ ಇದ್ದರೆ ಅಲ್ಲಿ ಹೊಡೆಯಲೇಬೇಡಿ. ಕೆಳಗೆ ನಾನು ಹೇಳೋ ಎಲ್ಲ ಹೊಂದಾಣಿಕೆಯೂ ರೈಫಲ್ ಖಾಲಿ ಇರುವಾಗಲೇ ಮಾಡಬೇಕು.

ಇನ್ನೊಂದು ಗಮನಿಸಿ: ನಾನು ಹೇಳ್ತಿರೋದು ಗಾಳಿ ತುಂಬಿಸಿ ಹೊಡೆಯೋ ಪಿಸಿಪಿ ರೈಫಲ್ಲಿಗೆ. ನಳಿಗೆ ಮಡಚಿ ಸ್ಪ್ರಿಂಗ್ ಎಳೆಯೋ ರೈಫಲ್ ನಿಮ್ಮದಾದರೆ, ಪೆಲೆಟ್ಟು ಬಾಯಿ ದಾಟೋ ಮೊದಲೇ ಅದು ಹಿಂದಕ್ಕೂ ಮುಂದಕ್ಕೂ ಒದೆಯುತ್ತೆ. ಗಟ್ಟಿ ಚೀಲದ ಮೇಲೆ ಇಟ್ಟರೆ ಪುಟಿದು ಎಲ್ಲೆಲ್ಲೋ ಹೋಗುತ್ತೆ. ಅದಕ್ಕೆ ಮೆತ್ತನೆಯ ಆಸರೆ, ಸಡಿಲ ಹಿಡಿತ ಬೇಕು.

ಸರಿ, ಚೀಲ. ಕೆಳಗೆ ಚಪ್ಪಟೆ ತಳದ ಒಂದು ಚೌಕ ಮೂಟೆ, ಮೇಲೆ ಎರಡು ಕಿವಿ, ಕಿವಿಗಳ ನಡುವಿನ ಕಣಿವೆಯಲ್ಲಿ ರೈಫಲ್ಲಿನ ಸ್ಟಾಕ್, ಅಂದರೆ ಹೆಗಲಿಗೆ ಆನಿಸೋ ಹಿಂಭಾಗ, ಕೂರುತ್ತೆ. ನಾನು ಹೊಲಿಯೋ ಅಳತೆ: ತಳ 16 ಸೆಂ.ಮೀ. ಉದ್ದ, 12 ಅಗಲ, ಎತ್ತರ 9. ಕಿವಿಗಳು 4 ಸೆಂ.ಮೀ. ಎತ್ತರ. ಕಿವಿಗಳ ನಡುವೆ ಎಷ್ಟು ಜಾಗ ಅನ್ನೋದು ನಿಮ್ಮ ಸ್ಟಾಕಿನ ಕೆಳಗಿನ ಅಂಚಿನ ಮೇಲೆ ನಿಂತಿದೆ. ಅದನ್ನ ತಿಳಿಯೋಕೆ ಚಪಾತಿ ಹಿಟ್ಟಿನ ಒಂದು ಉಂಡೆ ಸಾಕು. ಹಿಟ್ಟಿಗೆ ತೆಳು ಪ್ಲಾಸ್ಟಿಕ್ ಹೊದಿಸಿ, ಸ್ಟಾಕಿನ ಕೆಳಗೆ ಒತ್ತಿ ಹಿಡಿದು, ಆಮೇಲೆ ಚಾಕುವಿನಿಂದ ಅಡ್ಡಕ್ಕೆ ಕೊಯ್ದು ನೋಡಿ. ಗುಂಡಗೆ ಇದ್ದರೆ ಕಿವಿಗಳು ಒಂದಕ್ಕೊಂದು ಹತ್ತಿರ ಇರಲಿ, ಸ್ಟಾಕ್ ಎರಡರ ನಡುವೆ ಇಳಿದು ಕೂರುತ್ತೆ. ಬೆಂಚ್‌ರೆಸ್ಟ್ ಸ್ಟಾಕಿನ ಹಾಗೆ ಚಪ್ಪಟೆ ಇದ್ದರೆ ಆ ಚಪ್ಪಟೆ ಭಾಗದಷ್ಟು ಅಂತರ ಬಿಡಿ. ಎರಡೂ ಕಿವಿ ಎರಡೂ ಪಕ್ಕ ಸಮವಾಗಿ ತಾಗಬೇಕು, ನಡುವಿನ ಹೊಲಿಗೆ ಮಾತ್ರ ರೈಫಲ್ಲಿಗೆ ತಾಗಬಾರದು. ಹೊಲಿಗೆಯ ಗಂಟಿನ ಮೇಲೆ ಸ್ಟಾಕ್ ಕೂತರೆ ಕಾಲು ಕುಂಟೋ ಮಣೆಯ ಹಾಗೆ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ವಾಲುತ್ತೆ. ಗುರಿಹಲಗೆಯಲ್ಲಿ ಪೆಲೆಟ್ಟಿನ ತೂತುಗಳ ಎರಡು ಬೇರೆ ಬೇರೆ ಗುಂಪು ಕಂಡರೆ ನಾನು ಮೊದಲು ನೋಡೋದು ಇದನ್ನೇ. ಹಾಗೇ ಸ್ಟಾಕಿನ ಕೆಳಗೆ ನೇತುಪಟ್ಟಿ ಸಿಕ್ಕಿಸೋ ಕೊಂಡಿ ಇದ್ದರೆ ಬಿಚ್ಚಿಬಿಡಿ, ಅದು ಕಿವಿಯನ್ನು ಕೆರೆಯುತ್ತೆ.

ಬಟ್ಟೆಗೆ ಬಂದರೆ, ರೆಕ್ಸಿನ್ ಬೇಡ. ನನ್ನ ಅಂಗಡಿಯಲ್ಲಿ ಅದೇ ರಾಶಿ ಬಿದ್ದಿದ್ರೂ ಹೇಳ್ತಾ ಇದ್ದೀನಿ. ಮಾರ್ಚ್, ಏಪ್ರಿಲ್ ಬಿಸಿಲಿಗೆ ರೆಕ್ಸಿನ್ ಅಂಟುತ್ತೆ, ಸ್ಟಾಕ್ ಜಾರೋ ಬದಲು ಕಚ್ಚಿ ಬಿಡುತ್ತೆ. ಮೈಗೆ ದಪ್ಪ ಕ್ಯಾನ್ವಾಸು, ಕಿವಿಗೆ ಮತ್ತು ತಳಕ್ಕೆ ತೊಗಲು, ಇದು ನನ್ನ ಆಯ್ಕೆ. ಚಪ್ಪಲಿ ಹೊಲಿಯೋರಿಗೆ ತೊಗಲು ಮಾರೋ ಅಂಗಡಿ ಮೈಸೂರಲ್ಲಿ ಸಿಗುತ್ತೆ, ಒಂದೂವರೆಯಿಂದ ಎರಡು ಮಿ.ಮೀ. ದಪ್ಪದ ತುಂಡು ಕೇಳಿ. ಕಿವಿಗೆ ನುಣುಪು ಮುಖ ಹೊರಗೆ ಬರಲಿ, ತಳಕ್ಕೆ ಒರಟು ಮುಖ ಹೊರಗೆ ಬರಲಿ. ಮೇಲೆ ಜಾರಬೇಕು, ಕೆಳಗೆ ಕಚ್ಚಬೇಕು. ದಾರ ನೈಲಾನಿನದ್ದು, ಹೊಲಿಗೆ ಎರಡು ಸಾಲು, ಅಂಚು ಒಳಕ್ಕೆ ಮಡಚಿ. ಹಿಂದುಗಡೆ ನಾಲ್ಕು ಬೆರಳಗಲ ಬಾಯಿ ಬಿಡಿ, ತುಂಬಿದ ಮೇಲೆ ಹೊಲಿಯೋಕೆ.

ತುಂಬೋದು ಏನನ್ನ? ಈ ಅಳತೆಯ ಚೀಲ ಒಂದೂಮುಕ್ಕಾಲು ಲೀಟರ್ ಹಿಡಿಯುತ್ತೆ. ಪ್ಲಾಸ್ಟಿಕ್ ಗುಂಡು ತುಂಬಿದರೆ ಒಂದು ಕೆ.ಜಿ. ಬರುತ್ತೆ, ಒಣ ಮರಳಾದರೆ ಮೂರು ಕೆ.ಜಿ. ಹತ್ತಿರ. ಜಿರ್ಕಾನ್ ಮರಳು ಅಂತ ಎರಕದ ಕಾರ್ಖಾನೆಯವರು ಬಳಸೋದು ಒಂದಿದೆ, ಕೇರಳದ ಚವರ, ತಮಿಳುನಾಡಿನ ಮನವಾಳಕುರಿಚಿ ಕಡಲ ತೀರದ ಮರಳಿನಿಂದ ಬೇರ್ಪಡಿಸಿದ್ದು. ಅದಾದರೆ ಐದು ಕೆ.ಜಿ. ತೂಗುತ್ತೆ. ದೊಡ್ಡ ಒದೆತದ ರೈಫಲ್ಲಿಗೆ ಆ ತೂಕ ಬೇಕು. ನಮ್ಮ ಏರ್ ರೈಫಲ್ಲಿಗೆ ಸಾಮಾನ್ಯ ಮರಳೇ ಧಾರಾಳ. ರಾಗಿ, ಅಕ್ಕಿ, ಹುರುಳಿ ತುಂಬಿ ಅಂತ ಹೇಳೋರಿದ್ದಾರೆ. ಬೇಡ. ಆಷಾಢದ ಜಡಿಮಳೆಗೆ ಕಾಳು ನೀರು ಹೀರಿ ಉಬ್ಬುತ್ತೆ, ಹುಳ ಬೀಳುತ್ತೆ, ಇಲಿ ಚೀಲ ಕಡಿಯುತ್ತೆ.

ಮರಳಿನಲ್ಲೂ ಒಂದು ಎಚ್ಚರ ಬೇಕು. ನನ್ನ ಕೈಯಾರೆ ಹೊಲಿದ ಮೊದಲ ಚೀಲಕ್ಕೆ ಮನೆ ಕಟ್ಟಿ ಉಳಿದಿದ್ದ ಮರಳನ್ನ ಹಾಗೇ ಸುರಿದೆ. ಕೈಗೆ ಒಣಗಿದ ಹಾಗೆ ಕಂಡಿತ್ತು, ಒಳಗೆ ತೇವ ಇತ್ತು. ಮೂರು ತಿಂಗಳಿಗೆ ಹೊಲಿಗೆಯ ಉದ್ದಕ್ಕೂ ಬೂಷ್ಟು, ತೊಗಲು ಕಪ್ಪಾಗಿ, ಮೂಲೆಯಲ್ಲಿ ಮರಳು ಸೋರೋಕೆ ಶುರುವಾಯ್ತು. ಈಗ ನಾನು ಮಾಡೋದು ಹೀಗೆ. ಪ್ಲಾಸ್ಟರಿಂಗಿಗೆ ಬಳಸೋ ಸಣ್ಣ ಮರಳು ಅಥವಾ ಎಂ-ಸ್ಯಾಂಡ್ ತಗೊಂಡು ಅಕ್ಕಿ ತೊಳೆದ ಹಾಗೆ ನೀರು ತಿಳಿಯಾಗೋವರೆಗೆ ತೊಳೀತೀನಿ. ಎಂ-ಸ್ಯಾಂಡಿನಲ್ಲಿ ಕಲ್ಲುಪುಡಿ ಜಾಸ್ತಿ, ಅದು ಏಳೆಂಟು ನೀರು ಬೇಡುತ್ತೆ. ಎರಡು ದಿನ ಬಿಸಿಲಿಗೆ ಹರವಿ, ಆಮೇಲೆ ಕಬ್ಬಿಣದ ಬಾಣಲೆಯಲ್ಲಿ ಹುರೀತೀನಿ, ದಸರಾ ವಸ್ತುಪ್ರದರ್ಶನದ ಬಾಗಿಲಲ್ಲಿ ಕಡ್ಲೆಕಾಯಿ ಹುರಿಯೋರ ಬಾಣಲೆಯಲ್ಲಿ ಮರಳು ಇರುತ್ತಲ್ಲ, ಹಾಗೆ. ಮೊದಮೊದಲು ಮರಳು ಸೌಟಿಗೆ ಭಾರವಾಗಿ ಅಂಟಿಕೊಂಡು ಬರುತ್ತೆ. ತೇವ ಹೋಗ್ತಾ ಹೋಗ್ತಾ ಸೌಟು ಹಗುರಾಗುತ್ತೆ, ಮರಳು ನೀರಿನ ಹಾಗೆ ಹರಿಯುತ್ತೆ, ಸದ್ದೂ ಬದಲಾಗಿ ಸರಸರ ಅನ್ನುತ್ತೆ. ಬಾಣಲೆ ಮೇಲೆ ತಣ್ಣನೆ ಸ್ಟೀಲ್ ತಟ್ಟೆ ಹಿಡಿದು ನೋಡಿ, ಹನಿ ಕಟ್ಟದಿದ್ದರೆ ಒಣಗಿದೆ ಅಂತ ಲೆಕ್ಕ. ಪೂರ್ತಿ ಆರಿದ ಮೇಲೆ ಜರಡಿ ಹಿಡಿಯಿರಿ. ಆಗ ಮೂಗಿಗೆ ಮಾಸ್ಕ್ ಕಟ್ಟಲೇಬೇಕು, ಮರಳಿನ ನುಣ್ಣನೆ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರಲ್ಲ.

ತುಂಬುವಾಗ ಮೊದಲು ಕಿವಿ. ಲಾಳಿಕೆ ಇಟ್ಟು ಸ್ವಲ್ಪ ಸ್ವಲ್ಪವೇ ಸುರಿದು, ಪೆನ್ಸಿಲ್ ದಪ್ಪದ ಕೋಲಿನಿಂದ ಜಡಿಯಿರಿ. ಕಿವಿ ಹಸಿ ಬಾಳೆಕಾಯಿಯಷ್ಟು ಗಟ್ಟಿ ಆಗಬೇಕು, ಹಿಸುಕಿದರೆ ಬೆರಳು ಒಳಗೆ ಹೋಗಬಾರದು. ಆಮೇಲೆ ಮೈ. ಪ್ರತಿ ಬೊಗಸೆಗೂ ಚೀಲವನ್ನ ನೆಲಕ್ಕೆ ಕುಕ್ಕಿ. ಇಲ್ಲಿ ನೀವು ಒಂದು ತೀರ್ಮಾನ ಮಾಡಬೇಕು. ನಿಮ್ಮ ಮುಂದಿನ ಸ್ಟ್ಯಾಂಡಿನಲ್ಲಿ ಎತ್ತರ ತಿರುಗಿಸೋ ತಿರುಪು ಇದ್ದರೆ ಚೀಲ ಕಲ್ಲಿನ ಹಾಗೆ ಇರಲಿ, ಎತ್ತರವನ್ನ ತಿರುಪಿನಿಂದಲೇ ನೋಡಿಕೊಳ್ಳಿ. ತಿರುಪು ಇಲ್ಲದಿದ್ದರೆ ಚೀಲವನ್ನ ಎಡಗೈಯಿಂದ ಹಿಸುಕಿ ಎತ್ತರ ಹೊಂದಿಸಬೇಕು, ಅದಕ್ಕೆ ಮೈಯಲ್ಲಿ ಹತ್ತರಲ್ಲಿ ಒಂದು ಪಾಲು ಖಾಲಿ ಬಿಡಿ. ಹಿಸುಕಿದರೆ ಹಿಂಭಾಗ ಏಳುತ್ತೆ, ಗುರಿ ಕೆಳಗೆ ಬರುತ್ತೆ. ಹೊಸಬರು ಇದನ್ನ ತಿರುಗಾಮುರುಗಾ ತಿಳಿದು ತಡವರಿಸ್ತಾರೆ. ನಾನು ತಿರುಪಿನ ಸ್ಟ್ಯಾಂಡಿಗೆ ದುಡ್ಡು ಕೂಡಿಸಿ ಅಂತಲೇ ಹೇಳೋನು. ಹಿಸುಕೋ ಕೈ ಟ್ರಿಗರ್ ಒತ್ತೋ ಹೊತ್ತಿಗೆ ಒಂದೇ ಬಿಗಿಯಲ್ಲಿ ಇರೋದು ಬಹಳ ಕಷ್ಟ.

ಬಾಯಿ ಹೊಲಿದ ಮೇಲೆ ಚೀಲವನ್ನ ಮೇಜಿನ ಮೇಲಿಟ್ಟು ಮರದ ಕೊಡತಿಯಿಂದ ಮೈ ಸುತ್ತ ತಟ್ಟಿ. ಸ್ಟಾಕಿನಷ್ಟೇ ಅಗಲದ ಮರದ ತುಂಡೊಂದನ್ನ ಕಿವಿಗಳ ನಡುವೆ ಇಟ್ಟು ಅದರ ಮೇಲೂ ತಟ್ಟಿ, ಕಣಿವೆ ಕೂರುತ್ತೆ. ಮೇಜು ಮೊದಲೇ ಅಲುಗದ ಹಾಗಿರಬೇಕು. ನಮ್ಮ ಕಡಪ ಕಲ್ಲು ಮೂರು ಸಿಮೆಂಟ್ ಇಟ್ಟಿಗೆ ಕಂಬದ ಮೇಲೆ ನಿಂತಿದೆ. ಮೂರು ಕಾಲಿದ್ದರೆ ನೆಲ ಹೇಗಿದ್ರೂ ಕುಂಟಲ್ಲ. ನುಣುಪು ಕಲ್ಲಿನ ಮೇಲೆ ತೊಗಲೂ ಜಾರಬಹುದು, ಅದಕ್ಕೆ ಲಾರಿ ಟ್ಯೂಬಿನ ಒಂದು ತುಂಡು ಹಾಸಿ. ಸ್ಪಂಜು, ಬಟ್ಟೆ ಬೇಡ.

ಈಗ ನೇರ ಮಾಡೋದು. ಗಾರೆ ಕೆಲಸದವರ ದಾರವನ್ನ ಗುರಿಹಲಗೆಯ ನಡುವಿನಿಂದ ಮೇಜಿನ ಹಿಂತುದಿವರೆಗೆ ಬಿಗಿಯಾಗಿ ಎಳೆಯಿರಿ. ಸ್ಟ್ಯಾಂಡಿನ ನಡುಭಾಗ, ಚೀಲದ ಕಣಿವೆ ಎರಡೂ ಆ ದಾರದ ಕೆಳಗೆ ಬರಲಿ. ದಾರ ತೆಗೆದು ಖಾಲಿ ರೈಫಲ್ ಇಟ್ಟು, ಸ್ಕೋಪಿನಲ್ಲಿ ನೋಡ್ತಾ, ರೈಫಲ್ಲನ್ನ ಐದು ಸೆಂ.ಮೀ. ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳಿ. ಕ್ರಾಸ್‌ಹೇರ್ ಮೇಲೆ ಕೆಳಗೆ ಸ್ವಲ್ಪ ಸರಿದರೆ ಚಿಂತೆ ಇಲ್ಲ, ಸ್ಟಾಕಿನ ಕೆಳ ಅಂಚು ಓರೆ ಇದ್ದರೆ ಹಾಗೆ ಆಗೇ ಆಗುತ್ತೆ. ಅಡ್ಡಕ್ಕೆ ಸರಿಯಬಾರದು. ಸರಿದರೆ ಚೀಲ ಎತ್ತಬೇಡಿ, ನಿಂತಲ್ಲೇ ಒಂದು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಎಳೆದು ನೋಡಿ. ನನಗೆ ಪ್ರತಿ ಭಾನುವಾರ ಈ ಕೆಲಸಕ್ಕೇ ಹತ್ತು ನಿಮಿಷ ಬೇಕು. ಸರಿ ಬಂತು ಅನ್ನಿಸಿದ ಮೇಲೆ ಚೀಲದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ರೈಫಲ್ಲನ್ನ ಅದರ ಜಾಗದಲ್ಲಿ ಮೂರು ಸಲ ಗಟ್ಟಿಯಾಗಿ ಅದುಮಿ ಕೂರಿಸಿ. ಕಿವಿಗೆ ಚಿಟಿಕೆ ಟಾಲ್ಕಂ ಪೌಡರ್ ಸವರಿ. ಎಣ್ಣೆ, ಪಾಲಿಶ್ ಏನೂ ಬೇಡ, ತೊಗಲು ಮೆತ್ತಗಾಗಿ ಅಂಟುತ್ತೆ.

ಹೊಡೆದ ಗುಂಪು ಉದ್ದಕ್ಕೆ ಎಳೆದುಕೊಂಡಿದ್ದರೆ ಮೊದಲು ಒಂದು ನಿಮಿಷದ ಪರೀಕ್ಷೆ ಮಾಡಿ, ಆಮೇಲೆ ಸಿಲಿಂಡರಿನ ಗಾಳಿ ಎಷ್ಟಿದೆ ನೋಡಿ. ಗಾಳಿ ಇಳಿದರೂ ಪೆಲೆಟ್ಟಿನ ವೇಗ ಬದಲಾಗಿ ಉದ್ದಕ್ಕೇ ಹರಡುತ್ತೆ. ಅಡ್ಡಕ್ಕೆ ಹರಡಿದ್ದರೆ ಬಹುಪಾಲು ಬೀಸುಗಾಳಿ. ಕಬ್ಬಿನ ಗರಿ ನೋಡಿ ಹೊಡೆಯೋದು ಕಲೀಬೇಕು, ಅದಕ್ಕೆ ಚೀಲ ಏನೂ ಮಾಡಲ್ಲ.

ಹೊಸ ಚೀಲ ಮೊದಲ ತಿಂಗಳಲ್ಲಿ ತಗ್ಗುತ್ತೆ. ಹೊಲಿಗೆ ಬಿಚ್ಚಿ ನಾಲ್ಕೈದು ಚಮಚ ಮರಳು ಸೇರಿಸಿ ಮತ್ತೆ ಹೊಲಿಯಿರಿ. ಅದಕ್ಕೇ ಸ್ವಲ್ಪ ಹುರಿದ ಮರಳನ್ನ ಹಾರ್ಲಿಕ್ಸ್ ಬಾಟಲಿಯಲ್ಲಿ ಮುಚ್ಚಿ ಎತ್ತಿಟ್ಟಿರಿ. ಮಳೆಗಾಲದಲ್ಲಿ ಚೀಲ ನೆಲದ ಮೇಲೆ ಬೇಡ, ಅಟ್ಟದ ಮೇಲೆ ಒಣ ಬೇವಿನ ಸೊಪ್ಪು ಹಾಸಿ ಅದರ ಮೇಲಿಡಿ. ಪೆಲೆಟ್ಟು ಸೀಸದ್ದು, ತೋಟದಿಂದ ಬಂದು ಊಟಕ್ಕೆ ಕೂರೋ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ.