ಕಷ್ಟದಲ್ಲಿರೋರ ಮನೆಗೆ ಹೋಗೋದು ಹೇಗೆ? ಚರ್ಚಿಗೆ ಹೋಗೋರಿಗೆ ಒಂದಿಷ್ಟು ಟಿಪ್ಸ್

ಯಾರಿಗೆ ಸಹಾಯ ಮಾಡ್ಬೇಕು ಅಂದ್ರೆ ಹಸಿದೋರು, ರೋಗಿಗಳು, ಜೈಲಲ್ಲಿರೋರು ಅಂತ ಬೈಬಲ್‌ನ ಮತ್ತಾಯ 25ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ನೇರವಾಗೇ ಹೇಳಿದಾರೆ, ಹಾಗಾಗಿ ಎಲ್ಲಿಂದ ಶುರು ಮಾಡೋದು ಅನ್ನೋ ಕನ್‌ಫ್ಯೂಶನ್ ಬೇಡ. ನಿಮ್ಮದು ಕ್ಯಾಥೊಲಿಕ್ ಚರ್ಚ್ ಆದ್ರೆ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆ ಅನ್ನೋ ಸೇವಾ ಸಂಘ ಇದ್ಯಾ ಅಂತ ಫಾದರ್ ಹತ್ರ ಕೇಳಿ, 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಝಾನಮ್ ಮತ್ತವರ ಗೆಳೆಯರು ಶುರು ಮಾಡಿದ್ದು, ಬಡವರ ಮನೆಗೆ ಹೋಗಿ ಬರೋದೇ ಅವರ ಮುಖ್ಯ ಕೆಲ್ಸ.

ಒಬ್ರೇ ಹೋಗ್ಬೇಡಿ, ಇಬ್ರು ಹೋಗಿ. ಮೊದಲ್ನೇ ಸಲನೇ ಅಕ್ಕಿ ಮೂಟೆ ಹೊತ್ಕೊಂಡು ಹೋಗೋ ಬದ್ಲು ಕೂತು ಮಾತಾಡಿ, ಬಾಡಿಗೆ ಬಾಕಿನಾ, ಮಾತ್ರೆಗೆ ದುಡ್ಡಿಲ್ವಾ, ರೇಷನ್ ಕಾರ್ಡೇ ಇಲ್ವಾ ಅಂತ ಆಗ್ಲೇ ಗೊತ್ತಾಗೋದು, ಎಷ್ಟೋ ಸಲ ಪೆನ್ಷನ್ ಅರ್ಜಿ ತುಂಬಿ ನಾಡಕಚೇರಿಗೆ ಜೊತೇಲಿ ಹೋಗೋದೇ ದೊಡ್ಡ ಸಹಾಯ. ಫೋಟೋ ತೆಗ್ದು ಸ್ಟೇಟಸ್ ಹಾಕೋದು ಮಾತ್ರ ದಯವಿಟ್ಟು ಬೇಡ! ಯಾವ ಜಾತಿ ಧರ್ಮ ಅಂತ ಕೇಳ್ಬೇಡಿ, ಪ್ರಾರ್ಥನೆ ಅವರಾಗೇ ಕೇಳಿದ್ರೆ ಮಾಡಿ. ಮುಂದಿನ ವಾರ ಬರ್ತೀವಿ ಅಂದ್ರೆ ಹೋಗ್ಲೇಬೇಕು.