ಪಾಯಿಂಟ್ ಟೂಟೂ ಪಿಸ್ತೂಲು: ಕೊಳ್ಳುವ ಮೊದಲು ಕೈಯನ್ನು ಕೇಳಿ

ಶೂಟಿಂಗ್ ರೇಂಜ್‌ಗೆ ಬರುವ ಹೊಸಬರ ಫೋನಿನಲ್ಲಿ ಪಿಸ್ತೂಲಿನ ಫೋಟೊ ಒಂದು ಮೊದಲೇ ಇರುತ್ತದೆ. ಕಪ್ಪಗೆ, ಚಿಕ್ಕದಾಗಿ, ಸಿನಿಮಾ ಪೊಲೀಸರ ಸೊಂಟದಲ್ಲಿ ಇರುವಂಥದ್ದು. ‘ಸರ್, ಇದನ್ನೇ ತಗೊಂಡ್ರೆ ಹೆಂಗೆ?’ ಅಂತ ಕೇಳುತ್ತಾರೆ. ಕೈಯಲ್ಲಿ ಹಿಡಿದು ನೋಡಿದ್ದೀರಾ ಅಂದರೆ ಇಲ್ಲ. ಅಳತೆ ಕೊಡದೆ ಬ್ಲೌಸ್ ಹೊಲಿಸಿದ ಹಾಗೆ ಇದು. ಕಾಗದದ ಗುರಿಗೆ ಖುಷಿಯಿಂದ ಹೊಡೆಯಲು ದೊಡ್ಡ ಅಳತೆಯ ಪಾಯಿಂಟ್ ಟೂಟೂ, ಅಂದರೆ 0.22 ಇಂಚು ದಪ್ಪದ ಗುಂಡಿನ ಪಿಸ್ತೂಲು, ಆರಿಸುವುದು ಹೇಗೆ ಎಂಬುದಷ್ಟೇ ಇಲ್ಲಿಯ ವಿಷಯ. ಆತ್ಮರಕ್ಷಣೆಯ ಲೆಕ್ಕವೇ ಬೇರೆ, ಅದನ್ನು ಇಲ್ಲಿಗೆ ತರಬೇಡಿ.

1. ಮೊದಲು ಕ್ಲಬ್, ಆಮೇಲೆ ಲೈಸೆನ್ಸ್

ಕ್ಲಬ್ ಸೇರಿ, ಸುರಕ್ಷತಾ ತರಬೇತಿ ಮುಗಿಸಿ, ಆಮೇಲೆ ಅರ್ಜಿ ಹಾಕಿ. ಬೆಂಗಳೂರಿನಲ್ಲಿ ಲೈಸೆನ್ಸ್ ಕೊಡುವ ಅಧಿಕಾರ ನಗರ ಪೊಲೀಸ್ ಕಮಿಷನರ್ ಅವರದು. ‘ನಾನು ಮಾಡಿಸಿಕೊಡ್ತೀನಿ’ ಅನ್ನುವ ಏಜೆಂಟರ ಹತ್ತಿರ ಸುಳಿಯಲೇಬೇಡಿ. ಲೈಸೆನ್ಸ್ ಬರುವ ತನಕ ಏರ್ ಪಿಸ್ತೂಲಿನಲ್ಲಿ ಕೈ ಪಳಗಿಸಿಕೊಳ್ಳಿ. ಮನು ಭಾಕರ್ 2024ರಲ್ಲಿ ಪ್ಯಾರಿಸ್‌ನಿಂದ ತಂದ ಎರಡೂ ಕಂಚು ಏರ್ ಪಿಸ್ತೂಲಿನವೇ. ಪಾಯಿಂಟ್ ಟೂಟೂನಲ್ಲಿ ಅವರು ನಾಲ್ಕನೆಯವರಾದರು.

2. ದೊಡ್ಡದನ್ನೇ ನೋಡಿ

ಐದರಿಂದ ಆರು ಇಂಚಿನ ಬ್ಯಾರಲ್ (ನಳಿಗೆ), ಒಂದು ಕಿಲೋ ಆಸುಪಾಸಿನ ತೂಕ, ತಿರುಪು ತಿರುಗಿಸಿ ಹೊಂದಿಸಬಹುದಾದ ಹಿಂದಿನ ಸೈಟ್ (ಗುರಿ ನೋಡುವ ಕಚ್ಚು). ಇಷ್ಟಿರಲಿ. ಮುಂದೆ ಪಂದ್ಯಕ್ಕೆ ಇಳಿಯುವ ಆಸೆ ಇದ್ದರೆ 25 ಮೀಟರ್ ಪಿಸ್ತೂಲಿನ ಅಂತರರಾಷ್ಟ್ರೀಯ ನಿಯಮ ನೆನಪಿರಲಿ: ತೂಕ 1,400 ಗ್ರಾಂ ಮೀರಬಾರದು, ಬ್ಯಾರಲ್ 153 ಮಿಲಿಮೀಟರ್ ದಾಟಬಾರದು. ನಮ್ಮ ಆರ್ಡ್‌ನೆನ್ಸ್ ಕಾರ್ಖಾನೆಯ ‘ನಿಡರ್’ ಕೂಡ ಪಾಯಿಂಟ್ ಟೂಟೂನೇ, ಆದರೆ ಅದು ಜೇಬಿಗೆ ಹೋಗುವ ಪುಟ್ಟ ರಿವಾಲ್ವರ್. ಗುರಿಯಾಟಕ್ಕೆ ಅದಲ್ಲ.

ವಾಲ್ಥರ್, ಪಾರ್ದಿನಿ, ಮೊರಿನಿ ಅಂತ ಹೆಸರು ಕೇಳಿದ ತಕ್ಷಣ ಅಂಗಡಿಗೆ ಓಡಬೇಡಿ. ವಿದೇಶಿ ಪಿಸ್ತೂಲನ್ನು ಹೊಸದಾಗಿ ತರಿಸಲು ಬಿಡುವುದು ಅರ್ಹತಾ ಅಂಕ ಗಳಿಸಿದ ಶೂಟರ್‌ಗಳಿಗೆ. ಹವ್ಯಾಸಿಗಳು ಸಾಮಾನ್ಯವಾಗಿ ಕ್ಲಬ್ಬಿನ ಪಿಸ್ತೂಲಿನಲ್ಲೇ ಹೊಡೆಯುತ್ತಾರೆ, ಇಲ್ಲವೇ ಸೆಕೆಂಡ್ ಹ್ಯಾಂಡ್ ಹುಡುಕುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಚೆನ್ನಾಗಿ ಇಟ್ಟುಕೊಂಡ ಹಳೆಯ ವಾಲ್ಥರ್ ನನ್ನ ಮಟ್ಟಿಗೆ ಹೊಸ ಅಗ್ಗದ ಪಿಸ್ತೂಲಿಗಿಂತ ಮೇಲು.

3. ಗ್ರಿಪ್: ಹೆಚ್ಚಿನವರು ಎಡವುವುದು ಇಲ್ಲೇ

ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ಹೊರಗೆ, ಸ್ಲೈಡ್ (ಹಿಂದೆ ಮುಂದೆ ಜಾರುವ ಭಾಗ) ಹಿಂದಕ್ಕೆ, ಚೇಂಬರ್ (ಗುಂಡು ಕೂರುವ ಗೂಡು) ಖಾಲಿ. ಮೂರನ್ನೂ ನೀವೂ ನೋಡಿ, ಕೋಚ್ ಕೂಡ ನೋಡಲಿ. ಪಿಸ್ತೂಲಿನ ಬಾಯಿ ಸದಾ ಗುರಿಯ ಕಡೆಗೇ ಇರಲಿ. ಆಮೇಲೆ ಹಿಡಿಯಿರಿ.

ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವೆ ಗ್ರಿಪ್ಪಿನ ಹಿಂಬದಿಯಲ್ಲಿ ಎಷ್ಟು ಮೇಲಕ್ಕೆ ಹೋಗುತ್ತದೋ ಅಷ್ಟು ಮೇಲೆ ಕೂರಬೇಕು. ಕೆಳಗೆ ಹಿಡಿದಷ್ಟೂ ಪಿಸ್ತೂಲು ಹೊಡೆದಾಗ ಮೇಲಕ್ಕೆ ಜಿಗಿಯುತ್ತದೆ. ಈಗ ತೋರುಬೆರಳನ್ನು ಟ್ರಿಗರ್ ಮೇಲೆ ಇಡಿ. ಬೆರಳ ತುದಿಯ ಮೆತ್ತನೆ ಭಾಗದ ನಡುಮಧ್ಯೆ ಟ್ರಿಗರ್ ತಾಗಬೇಕು. ಗೆಣ್ಣಿನ ಗೆರೆ ತಾಗಿದರೆ ಗ್ರಿಪ್ ನಿಮಗೆ ಚಿಕ್ಕದು, ಉಗುರಿನ ಅಂಚಷ್ಟೇ ಮುಟ್ಟಿದರೆ ದೊಡ್ಡದು. ಬೆರಳಿನ ಬುಡಕ್ಕೂ ಗ್ರಿಪ್ಪಿನ ಮೈಗೂ ನಡುವೆ ಬೆಳಕು ಕಾಣುವಷ್ಟು ಸಂದು ಬೇಕು. ಆ ಸಂದಿಲ್ಲದಿದ್ದರೆ ಬೆರಳು ಎಳೆಯುವಾಗ ಇಡೀ ಪಿಸ್ತೂಲನ್ನೇ ಪಕ್ಕಕ್ಕೆ ತಳ್ಳುತ್ತದೆ. ಗುಂಡು ಎಡಕ್ಕೆ ಬಿತ್ತು ಅಂತ ನೀವು ಸುಮ್ನೆ ಸೈಟ್ ತಿರುಗಿಸುತ್ತಾ ಕೂರುತ್ತೀರಿ.

ಇನ್ನು ಅಸಲಿ ಪರೀಕ್ಷೆ. ಗುರಿಯ ಕಡೆ ನಿಂತು ಕಣ್ಣು ಮುಚ್ಚಿ. ಕೈಯನ್ನು ಆರಾಮವಾಗಿ ಎತ್ತಿ, ನಿಲ್ಲಿಸಿ, ಕಣ್ಣು ತೆರೆಯಿರಿ. ಮುಂದಿನ ಸೈಟ್ ಹಿಂದಿನ ಸೈಟಿನ ಕಚ್ಚಿನ ನಡುವೆ, ಎರಡರ ತಲೆಯೂ ಒಂದೇ ಮಟ್ಟದಲ್ಲಿ ಕಂಡರೆ ಗ್ರಿಪ್ ನಿಮ್ಮದು. ಮುಂದಿನದು ಮೇಲೆದ್ದು ನಿಂತಿದ್ದರೆ ಅಥವಾ ಒಳಗೆ ಮುಳುಗಿದ್ದರೆ ಗ್ರಿಪ್ಪಿನ ಓರೆ ನಿಮ್ಮ ಮಣಿಕಟ್ಟಿಗೆ ಹೊಂದುತ್ತಿಲ್ಲ. ಒಂದೇ ಸಲ ನೋಡಿ ಬಿಡಬೇಡಿ. ಪಿಸ್ತೂಲು ಕೆಳಗಿಟ್ಟು, ಮತ್ತೆ ಹಿಡಿದು, ಮತ್ತೆ ನೋಡಿ. ಪ್ರತಿ ಸಲವೂ ಒಂದೇ ಕಡೆ ತಪ್ಪಿದರೆ ಸರಿಪಡಿಸಬಹುದು. ಒಂದೊಂದು ಸಲ ಒಂದೊಂದು ಕಡೆ ಹೋದರೆ ಆ ಗ್ರಿಪ್ ಬಿಡಿ.

ರೇಂಜ್ ತಲುಪಿದ ಕೂಡಲೇ ಈ ಪರೀಕ್ಷೆ ಮಾಡಬೇಡಿ. ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಆಕ್ಸಿಲರೇಟರ್ ತಿರುವಿ ಬಂದ ಬಲಗೈ ನಡುಗುತ್ತಿರುತ್ತದೆ. ಕೂತು, ನೀರು ಕುಡಿದು, ಆಮೇಲೆ ನೋಡಿ. ಎಡಚರು ಬಲಗೈ ಗ್ರಿಪ್ಪಿನಲ್ಲಿ ‘ಅಡ್ಜಸ್ಟ್’ ಮಾಡಿಕೊಳ್ಳಲೇಬಾರದು, ಎಡಗೈಯದೇ ಕೇಳಿ.

ಮರದ ಗ್ರಿಪ್ ಸ್ವಲ್ಪ ದಪ್ಪ ಇದ್ದರೆ ಹೆದರಬೇಕಿಲ್ಲ. ಒತ್ತುವ ಜಾಗವನ್ನು ಅರದಿಂದ ಉಜ್ಜಿ, ಉಪ್ಪು ಕಾಗದ ಹಾಕಿದರೆ ಆಯಿತು. ಖಾಲಿ ಉಳಿಯುವ ಕಡೆ ವುಡ್ ಪುಟ್ಟಿ ತುಂಬಬಹುದು. ಸೈಕಲ್ ಹ್ಯಾಂಡಲ್ ಟೇಪ್ ಸುತ್ತುವವರನ್ನೂ ನೋಡಿದ್ದೇನೆ. ಬೆವರಿಗೆ ಅದು ಜಾರುತ್ತದೆ, ಬೇಡ.

4. ಟ್ರಿಗರ್

ಹಗುರ ಟ್ರಿಗರ್ ಅಂದರೆ ಒಳ್ಳೆ ಟ್ರಿಗರ್ ಅಂತ ನಂಬಿದವರು ಬಹಳ. ಪಂದ್ಯದಲ್ಲಿ ಟ್ರಿಗರ್ ಎಳೆತದ ಭಾರ ಕನಿಷ್ಠ 1,000 ಗ್ರಾಂ ಇರಲೇಬೇಕು, ಪಿಸ್ತೂಲಿನ ಬಾಯಿ ಮೇಲಕ್ಕೆ ಮಾಡಿ ಟ್ರಿಗರ್‌ಗೆ ತೂಕದ ಬಟ್ಟು ನೇತುಹಾಕಿ ನೋಡುತ್ತಾರೆ. ನಿಮಗೆ ಬೇಕಾದದ್ದು ಹಗುರ ಅಲ್ಲ, ಪ್ರತಿ ಸಲ ಒಂದೇ ಥರ ಕಳಚುವ ಟ್ರಿಗರ್. ಎಳೆಯುವಾಗ ಮಧ್ಯೆ ಮರಳು ಸಿಕ್ಕಂತೆ ತೊಡರಿದರೆ ಬೇಡ ಅನ್ನಿ.

ಇಲ್ಲೊಂದು ಎಚ್ಚರಿಕೆ. ಪಾಯಿಂಟ್ ಟೂಟೂ ‘ರಿಮ್‌ಫೈರ್’ ಜಾತಿಯದು. ಇದರಲ್ಲಿ ಮದ್ದು ಹೊತ್ತಿಸುವ ಪುಡಿ ಕಾರ್ಟ್ರಿಡ್ಜಿನ (ತೋಟಾದ) ತಳದ ಅಂಚಿನೊಳಗೆ ಇರುತ್ತದೆ, ಹಾಗಾಗಿ ಪಿನ್ ಹೊಡೆಯುವುದೂ ಅಂಚಿಗೇ. ಚೇಂಬರ್ ಖಾಲಿ ಇಟ್ಟು ಟಕ್ ಟಕ್ ಅಂತ ಎಳೆದರೆ ಕೆಲವು ಪಿಸ್ತೂಲುಗಳಲ್ಲಿ ಪಿನ್ ಹೋಗಿ ಚೇಂಬರಿನ ಬಾಯಿಗೇ ಬಡಿಯುತ್ತದೆ. ಮಾಲೀಕರನ್ನು ಕೇಳದೆ ಎಳೆಯಬೇಡಿ. ಸೆಕೆಂಡ್ ಹ್ಯಾಂಡ್ ನೋಡುವಾಗ ಚೇಂಬರಿನ ಅಂಚಿನಲ್ಲಿ ಚಿಕ್ಕ ಗುಳಿ ಬಿದ್ದಿದೆಯೇ ಅಂತ ಟಾರ್ಚ್ ಹಾಕಿ ನೋಡಿ. ಇದ್ದರೆ ಬೆಲೆ ಇಳಿಸಿ, ಇಲ್ಲವೇ ವಾಪಸ್ ಬನ್ನಿ.

5. ಹೊಡೆದು ನೋಡಿ

ಕೈಯಲ್ಲಿ ಹಿಡಿದಲ್ಲ, ಮೇಜಿನ ಮೇಲೆ ಮರಳು ಚೀಲಕ್ಕೆ ಒರಗಿಸಿ. 25 ಮೀಟರ್‌ನ ಪ್ರಿಸಿಷನ್ (ನಿಧಾನವಾಗಿ ಹೊಡೆಯುವ ಸುತ್ತಿನ) ಗುರಿಯಲ್ಲಿ ಹತ್ತು ಅಂಕದ ವೃತ್ತ 50 ಮಿಲಿಮೀಟರ್ ಅಗಲ. ಐದು ಗುಂಡೂ ಅದರೊಳಗೆ ಸಲೀಸಾಗಿ ಕೂರಬೇಕು. ಸ್ಟ್ಯಾಂಡರ್ಡ್ ವೆಲಾಸಿಟಿ (ಸಾಮಾನ್ಯ ವೇಗ), 40 ಗ್ರೇನ್ (ಸುಮಾರು 2.6 ಗ್ರಾಂ) ಗುಂಡು ಸಾಕು. ಹೈ ವೆಲಾಸಿಟಿ ಸದ್ದು ಜಾಸ್ತಿ ಮಾಡುತ್ತದೆ, ಅಂಕ ಜಾಸ್ತಿ ಕೊಡುವುದಿಲ್ಲ. ಎರಡು ಮೂರು ಕಂಪನಿಯದು ಹಾಕಿ ನೋಡಿ, ಪಿಸ್ತೂಲಿಗೂ ಅದರದೇ ರುಚಿ ಇರುತ್ತದೆ. ಎಳೆದರೂ ಗುಂಡು ಹಾರದಿದ್ದರೆ ತಿರುಗಿಸಿ ನೋಡುವ ಹುಚ್ಚು ಬೇಡ. ಬಾಯಿ ಗುರಿಯ ಕಡೆಗೇ ಇಟ್ಟು ಅರ್ಧ ನಿಮಿಷ ಕಾದು, ಇನ್ನೊಂದು ಕೈ ಎತ್ತಿ ಕೋಚನ್ನು ಕರೆಯಿರಿ.

6. ಮನೆಗೆ ತಂದ ಮೇಲೆ

ಬೀಗ, ಗುಂಡು ಬೇರೆ ಕಡೆ, ಹೊಡೆದ ಮೇಲೆ ಸೋಪು ಹಾಕಿ ಕೈ ತೊಳೆಯುವುದು, ಯಾಕೆಂದರೆ ಸೀಸ. ಆಯುಧಪೂಜೆಯ ದಿನ ಅರಿಶಿನ ಕುಂಕುಮವನ್ನು ಪೆಟ್ಟಿಗೆಗೆ ಹಚ್ಚಿ, ಸ್ಲೈಡಿಗೆ ಬೇಡ. ಎಣ್ಣೆ ಜೊತೆ ಕಲಸಿ ಒಳಗೆ ಅಂಟು ಕಟ್ಟುತ್ತದೆ. ಮಿಕ್ಕ ದುಡ್ಡಲ್ಲಿ ರೆಡ್ ಡಾಟ್ ಸೈಟ್ (ಕೆಂಪು ಚುಕ್ಕಿಯಿಂದ ಗುರಿ ತೋರಿಸುವಂಥದ್ದು) ಕೊಳ್ಳೋಣ ಅನ್ನಿಸಿದರೆ ತಡೆಯಿರಿ, ಅಂತರರಾಷ್ಟ್ರೀಯ ನಿಯಮದ ಪಂದ್ಯದಲ್ಲಿ ಅದನ್ನು ಬಿಡುವುದಿಲ್ಲ. ಆ ದುಡ್ಡನ್ನು ಕಾರ್ಟ್ರಿಡ್ಜಿಗೆ ಹಾಕಿ.