ಕಾಟಿಗೆ (ಕಾಡುಕೋಣಕ್ಕೆ) ಸೂಜಿ ಹಾಕೋಕಾಗಲ್ಲ, ದನಕ್ಕೆ ಹಾಕ್ಬೇಕು: ಬಂಡೀಪುರದ ಅಂಚಲ್ಲಿ ನನ್ನ ಅನುಭವ

ಕಾಡಂಚಿನ ಪಶು ಆಸ್ಪತ್ರೆಗೆ ಹೊಸದಾಗಿ ಪೋಸ್ಟಿಂಗ್ ಆಗಿರೋ ಹುಡುಗ್ರು ಫೋನ್ ಮಾಡಿ ಸಾರ್ ಅಲ್ಲಿ ಲಸಿಕೆ ಕವರೇಜ್ ಹೆಂಗೆ ಮಾಡಿದ್ರಿ ಅಂತ ಕೇಳಿದ್ರೆ ನಾನು ಶುರು ಮಾಡೋದೇ ಹಳೇ ಬ್ರಿಟಿಷ್ ಕಾಯ್ದೆಗಳಿಂದ. ಮುದುಕನಿಗೆ ಹಿಸ್ಟರಿ ಹುಚ್ಚು ಅಂದ್ಕೊಳ್ತಾರೆ, ಇರಲಿ. ಗುಂಡ್ಲುಪೇಟೆ ಕಡೆ ಹಂಗಳ, ಮಂಗಲ, ಬೇರಂಬಾಡಿ ಸುತ್ತ ದನಗಳಿಗೆ ಸೂಜಿ ಹಾಕ್ಕೊಂಡು ಓಡಾಡಿದ ಪಶುವೈದ್ಯನಾಗಿ ಹೇಳ್ತೀನಿ, ಅಲ್ಲಿ ಲಸಿಕೆ ಸಿಗೋದು ಕಷ್ಟ ಇರ್ಲಿಲ್ಲ, ದನ ಎಷ್ಟಿವೆ ಅನ್ನೋ ನಿಜವಾದ ಲೆಕ್ಕ ಸಿಗೋದೇ ಕಷ್ಟ ಇತ್ತು, ಮತ್ತೆ ಅದು ಯಾಕೆ ಕಷ್ಟ ಅನ್ನೋದು ಹಳೇ ಕಾಯ್ದೆ ಓದಿದ ಮೇಲೇನೇ ನನಗೆ ಪೂರ್ತಿ ಅರ್ಥ ಆಗಿದ್ದು.

1871ನೇ ಇಸವಿ ನೋಡಿ. ಆ ವರ್ಷ ಎರಡು ಕೆಲಸ ಆಯ್ತು. ಹಾಲೆನ್ ಅನ್ನೋ ಮಿಲಿಟರಿ ಪಶುವೈದ್ಯನ ಮುಂದಾಳತ್ವದಲ್ಲಿ ಒಂದು ಕಮಿಷನ್ ಭಾರತದ ದನಗಳ ಸಾಂಕ್ರಾಮಿಕ ರೋಗಗಳ ಬಗ್ಗೆ ದೊಡ್ಡ ವರದಿ ಕೊಡ್ತು, ಅದರಲ್ಲಿ ಮುಖ್ಯವಾಗಿ ಇದ್ದಿದ್ದು ರಿಂಡರ್‌ಪೆಸ್ಟ್, ನಮ್ಮೋರು ದೊಡ್ಡರೋಗ ಅಂತಿದ್ದಿದ್ದು. ಅದೇ ವರ್ಷ ಕ್ಯಾಟಲ್ ಟ್ರೆಸ್‌ಪಾಸ್ ಆಕ್ಟೂ ಬಂತು, ಅಂದ್ರೆ ಬೇರೆಯವರ ಜಾಗಕ್ಕೆ ನುಗ್ಗಿದ ದನಾನ ದೊಡ್ಡೀಲಿ ಕೂಡಿ ದಂಡ ಹಾಕೋ ಕಾನೂನು. ವರದಿ ಕಪಾಟು ಸೇರ್ತು, ದೊಡ್ಡಿ ಊರೂರಿಗೆ ಬಂತು. 1878ರಲ್ಲಿ ಭಾರತದ ಅರಣ್ಯ ಕಾಯ್ದೆ, 1882ರಲ್ಲಿ ಮದ್ರಾಸ್ ಅರಣ್ಯ ಕಾಯ್ದೆ ಬಂದ್ಮೇಲೆ ಮೇವಿಗೆ ಕಾಡಿಗೆ ಹೋಗೋ ದನಾನೂ ಸರ್ಕಾರದ ಕಣ್ಣಲ್ಲಿ ಅತಿಕ್ರಮಣ ಮಾಡೋ ದನ ಆಗೋಯ್ತು. ಮದ್ರಾಸಲ್ಲಿ ದನದ ರೋಗ ತಡೆಯೋಕೆ ಅಂತಲೇ 1866ರಲ್ಲೇ ಬೇರೆ ಕಾಯ್ದೆ ಇತ್ತು, ಆದ್ರೆ ಆಗ ಕೈಯಲ್ಲಿ ಔಷಧಿನೇ ಇರ್ಲಿಲ್ವಲ್ಲ. ಇಂಗ್ಲೆಂಡಲ್ಲಿ ಅದೇ ಹೊತ್ತಿಗೆ ಇದೇ ರೋಗ ಬಂದಾಗ ರೋಗದ ದನಗಳನ್ನ ಕೊಂದು ಹತೋಟಿಗೆ ತಂದ್ರು, ಇಲ್ಲಿ ಹಸು ಕೊಲ್ತೀವಿ ಅಂತ ಹೊರಟಿದ್ರೆ ಊರೇ ಎದ್ದು ನಿಲ್ತಿತ್ತು.

ಇನ್ನು ಕಾಟಿ ಕಥೆ ಬೇರೇನೇ ಫೈಲು. 1879ರ ನೀಲಗಿರಿ ಗೇಮ್ ಅಂಡ್ ಫಿಶ್ ಕಾಯ್ದೇಲಿ ರಕ್ಷಣೆ ಇರೋ ಪ್ರಾಣಿಗಳ ಪಟ್ಟಿಯಲ್ಲಿ ಬೈಸನ್ ಅಂತ ಕಾಟಿ ಹೆಸರು ಇದೆ. ಮೈಸೂರು ಸಂಸ್ಥಾನದಲ್ಲೂ 1901ರಲ್ಲಿ ಅದೇ ಥರದ ಗೇಮ್ ರೆಗ್ಯುಲೇಷನ್ ಮಾಡಿದ್ರು. ಮೋಯಾರ್ ಹೊಳೆ ಆ ಕಡೆ ಮದ್ರಾಸ್ ಕಾನೂನು, ಈ ಕಡೆ ಮೈಸೂರು ಕಾನೂನು, ಕಾಟಿ ಮಾತ್ರ ಎರಡೂ ಕಡೆ ಮೇಯ್ತಿತ್ತು. ಈ ಕಾಯ್ದೆಗಳಿಗೆ ಇದ್ದ ಚಿಂತೆ ಬಂದೂಕಿಂದು: ಯಾರು ಹೊಡೀಬಹುದು, ಯಾವಾಗ ಹೊಡೀಬಾರದು. ಕೆರೆ ನೀರು ಕುಡಿಯೋಕೆ ಬಂದ ದನದಿಂದ ರೋಗ ಹತ್ತಿ ಮಂದೆಗೆ ಮಂದೆನೇ ಮಲಗಿಬಿಟ್ರೆ ಅದಕ್ಕೆ ಅಲ್ಲಿ ಉತ್ತರ ಇಲ್ಲ. ಆ ರೋಗದ ಕೆಲಸ ನಡೀತಿದ್ದಿದ್ದು ದೂರದ ಹಿಮಾಲಯದ ಮುಕ್ತೇಶ್ವರದಲ್ಲಿ, ಪೂನಾದಲ್ಲಿ ಶುರುವಾದ ಲ್ಯಾಬು 1893ರಲ್ಲಿ ಅಲ್ಲಿಗೆ ಹೋಯ್ತು, ಜರ್ಮನಿಯ ಹೆಸರಾಂತ ವಿಜ್ಞಾನಿ ರಾಬರ್ಟ್ ಕಾಕ್ ಕೂಡ 1897ರಲ್ಲಿ ಅಲ್ಲಿಗೆ ಬಂದಿದ್ರು. ಮೊದಲು ಮಾಡಿದ್ದು ಸೀರಂ, ಅಂದ್ರೆ ರೋಗ ತಡ್ಕೊಂಡ ದನದ ರಕ್ತದಿಂದ ತೆಗೆದ ತಿಳಿ, ಅದರ ಶಕ್ತಿ ಸ್ವಲ್ಪ ದಿನಕ್ಕೇ ಮುಗಿದುಹೋಗೋದು. 1920ರ ದಶಕದಲ್ಲಿ ಎಡ್ವರ್ಡ್ಸ್ ಅನ್ನೋರು ವೈರಸ್ಸನ್ನ ಆಡಿಂದ ಆಡಿಗೆ ದಾಟಿಸಿ ದಾಟಿಸಿ ಅದರ ಜೋರು ಇಳಿಸಿದ್ಮೇಲೆ ದನಕ್ಕೆ ವರ್ಷಾನುಗಟ್ಟಲೆ ಕಾಯೋ ಲಸಿಕೆ ಸಿಕ್ತು. ನಮ್ಮ ಹೆಬ್ಬಾಳದ ಸೀರಂ ಇನ್ಸ್ಟಿಟ್ಯೂಟೂ ಅದೇ ದಶಕದ್ದು, ನಾವೆಲ್ಲಾ ಲಸಿಕೆ ಬಾಕ್ಸ್ ತರ್ತಿದ್ದಿದ್ದು ಅಲ್ಲಿಂದಲೇ.

ಇಷ್ಟೆಲ್ಲಾ ಆದ್ಮೇಲೂ 1968ರಲ್ಲಿ ಬಂಡೀಪುರ ಮುದುಮಲೈ ಕಡೆ ದೊಡ್ಡರೋಗ ಬಂದು ಕಾಟಿಗಳು ಸಾಲುಸಾಲಾಗಿ ಸತ್ವು. ಗುಂಡು ಹೊಡೆಯೋದನ್ನ ತಡೆದಿದ್ದಾಗಿತ್ತು, ಜೊಲ್ಲು ಸಗಣಿ ದಾಟೋದನ್ನ ಯಾರೂ ತಡೆದಿರ್ಲಿಲ್ಲ.

ಈಗ ನಾನು ಮಾಡಿದ್ದಕ್ಕೆ ಬರ್ತೀನಿ. ನಾನು ಸೇರಿದಾಗ ದೊಡ್ಡರೋಗದ ಲಸಿಕೆ ಇನ್ನೂ ನಡೀತಿತ್ತು, ಆಗ ಟಿಶ್ಯೂ ಕಲ್ಚರ್ ಲಸಿಕೆ, ಅಂದ್ರೆ ಲ್ಯಾಬಲ್ಲಿ ಜೀವಕೋಶಗಳಲ್ಲಿ ಬೆಳೆಸಿದ್ದು, ಪುಡಿ ರೂಪದಲ್ಲಿ ಬರೋದು, ತಣ್ಣಗಿರೋ ಸಲೈನಲ್ಲಿ ಕಲಸಿದ್ಮೇಲೆ ಬೇಗ ಮುಗಿಸ್ಬೇಕು. ಕಾಟಿ ಹಿಂದೆ ಸೂಜಿ ಹಿಡ್ಕೊಂಡು ಹೋಗೋಕಾಗುತ್ತಾ? ಹಾಗಾಗಿ ಕಾಡಿನ ಸುತ್ತ ಇರೋ ಊರುಗಳ ದನಾನೇ ಬೇಲಿ ಮಾಡ್ಬೇಕು, ಅವಕ್ಕೆ ರೋಗ ಹತ್ತದೇ ಇದ್ರೆ ಒಳಗಿರೋವು ಉಳ್ಕೋತಾವೆ. ಲೆಕ್ಕ ಇಷ್ಟೇ. ಆದ್ರೆ ರಿಜಿಸ್ಟರ್ ತಗೊಂಡು ಮನೆ ಮುಂದೆ ನಿಂತ್ರೆ ಯಜಮಾನ್ರು "ನಮ್ಮನೇಲಿ ನಾಕೇಯ ಡಾಕ್ಟ್ರೇ" ಅನ್ನೋರು, ಸಂಜೆ ಅದೇ ಮನೆಗೆ ಕಾಡಿಂದ ದೊಡ್ಡ ಮಂದೆ ವಾಪಸ್ ಬರೋದು. ಸುಳ್ಳು ಹೇಳೋ ಜನ ಅಲ್ಲ ಅವರು. ಅವರ ಅಜ್ಜನ ಕಾಲದಿಂದಲೂ ಸರ್ಕಾರದೋನು ದನ ಎಣಿಸಿದ್ರೆ ಅದರ ಹಿಂದೆ ದಂಡ ಬಂದಿದೆ, ನಾನೂ ಪ್ಯಾಂಟು ಹಾಕ್ಕೊಂಡು ಪುಸ್ತಕ ಹಿಡ್ಕೊಂಡ ಸರ್ಕಾರದೋನೇ ತಾನೆ. ಜೊತೆಗೆ ಆ ಕಡೆ ಎಷ್ಟೋ ಮನೆಗಳಲ್ಲಿ ದನ ಸಾಕೋದು ಹಾಲಿಗೆ ಅಂತ ಅಲ್ಲ, ಗೊಬ್ಬರಕ್ಕೆ, ಕೇರಳದ ಕಡೆಯಿಂದ ಲಾರಿ ಬಂದು ಲೋಡ್ ತಗೊಂಡು ಹೋಗುತ್ತೆ, ಅದಕ್ಕೇ ಮಂದೆ ದೊಡ್ಡದಿರುತ್ತೆ ಮತ್ತೆ ಮೇಯೋದು ಕಾಡಲ್ಲೇ, ಅದನ್ನ ಬಾಯ್ಬಿಟ್ಟು ಹೇಳೋಕಾಗಲ್ಲ.

ನಾನು ಮಾಡಿದ್ದು ಮೊದಲನೇದು ಫಾರೆಸ್ಟ್ ಗಾರ್ಡನ್ನ ಜೊತೇಲಿ ಕರ್ಕೊಂಡು ಹೋಗೋದು ನಿಲ್ಲಿಸಿದ್ದು. ಮೇಲಿನೋರಿಗೆ ಇದು ಇಷ್ಟ ಆಗ್ಲಿಲ್ಲ, ಜಂಟಿ ಕಾರ್ಯಕ್ರಮ ಅಂತ ಫೋಟೋ ಬೇಕಿತ್ತು ಅವರಿಗೆ. ಆಮೇಲೆ ಮನೆಮನೆ ಹೆಸರು ಬರೆಯೋದು ಬಿಟ್ಟು ದನ ಕಾಯೋ ಹುಡುಗರನ್ನ ಹಿಡಿದೆ. ಯಾವ ಮಂದೆ ಯಾವ ದಾರೀಲಿ ಹೋಗುತ್ತೆ, ಯಾವ ಕಟ್ಟೇಲಿ ನೀರು ಕುಡಿಯುತ್ತೆ, ಕಾಟಿ ಎಲ್ಲಿ ಇಳಿಯುತ್ತೆ ಇವೆಲ್ಲಾ ಅವರಿಗೆ ಗೊತ್ತು, ಟೀ ಕುಡಿಸಿದ್ರೆ ಮಣ್ಣಲ್ಲಿ ಕಡ್ಡೀಲಿ ಗೆರೆ ಎಳೆದು ತೋರಿಸೋರು. ನನ್ನ ಮ್ಯಾಪ್ ಅದೇ. ಬೆಳಿಗ್ಗೆ ಮಂದೆ ಊರು ಬಿಡೋ ಮುಂಚೆ, ಇನ್ನೂ ಮಬ್ಬುಗತ್ತಲಲ್ಲೇ, ಊರಾಚೆ ಇಕ್ಕಟ್ಟು ದಾರೀಲಿ ನಿಲ್ಲೋದು, ಎರಡು ಕಡೆ ಬಿದಿರು ಗಳ ಕಟ್ಟಿ ದನ ಒಂದೊಂದೇ ದಾಟೋ ಹಂಗೆ ಮಾಡೋದು, ಸೂಜಿ ಹಾಕಿ ಬೆನ್ನಿಗೆ ಬಣ್ಣ ಬಳಿದು ಬಿಡೋದು. ಯಾರ ದನ ಅಂತ ಕೇಳ್ತಿರ್ಲಿಲ್ಲ. ಬಣ್ಣ ಇಲ್ಲದೆ ಇರೋದು ಮಾರನೇ ದಿನ ಕಣ್ಣಿಗೆ ಬಿದ್ರೆ ಹಿಡಿಯೋದು. ನಮ್ಮ ರಿಪೋರ್ಟಲ್ಲಿ ಮಾಲೀಕರ ಹೆಸರಿನ ಕಾಲಂ ಅರ್ಧಂಬರ್ಧ ಇರ್ತಿತ್ತು, ಡೋಸ್ ಲೆಕ್ಕ ಮಾತ್ರ ಪಕ್ಕಾ.

ಗಬ್ಬದ ಹಸುಗೆ ಸೂಜಿ ಹಾಕಿದ್ರೆ ಕಂದು ಹಾಕುತ್ತೆ, ಹಾಲು ಇಳಿಯುತ್ತೆ ಅನ್ನೋ ಜಗಳ ಇದ್ದೇ ಇತ್ತು. ವಾದ ಮಾಡ್ತಿರ್ಲಿಲ್ಲ ನಾನು. ಊರಲ್ಲಿ ಮಾತು ನಡೆಯೋ ಒಬ್ಬ ಅಜ್ಜಿ ಇರ್ತಾರಲ್ಲ, ಅವರ ಹಸುಗೆ ಮೊದಲು ಹಾಕ್ತಿದ್ದೆ, ಉಳಿದೋರು ವಾರ ಬಿಟ್ಟು ಬಾ ಅಂದ್ರೆ ವಾರ ಬಿಟ್ಟೇ ಹೋಗ್ತಿದ್ದೆ.

ಭಾರತದಲ್ಲಿ ದೊಡ್ಡರೋಗದ ಕೊನೇ ಕೇಸ್ 1995ರದ್ದು, 2011ರಲ್ಲಿ ಇಡೀ ಪ್ರಪಂಚದಿಂದಲೇ ಹೋಯ್ತು ಅಂತ ಘೋಷಿಸಿದ್ರು. ನಾವು ಲಸಿಕೆ ನಿಲ್ಲಿಸಿ ಬರೀ ಬಾಯಿ ಹುಣ್ಣು ಭೇದಿ ಇರೋ ದನ ಇದೆಯಾ ಅಂತ ಊರೂರು ಹುಡುಕೋ ಹಂತಾನೂ ನೋಡಿದೀನಿ, ಅದೊಂದು ವಿಚಿತ್ರ ಕೆಲಸ, ಏನೂ ಸಿಗಬಾರದು ಅಂತಲೇ ಹುಡುಕೋದು.

ಕಾಲುಬಾಯಿ ಜ್ವರ ಅಷ್ಟು ಸುಲಭಕ್ಕೆ ಹೋಗಲ್ಲ. ದೊಡ್ಡರೋಗದ ಲಸಿಕೆ ಒಂದ್ಸಲ ಸರಿಯಾಗಿ ಬಿದ್ರೆ ಜೀವನಪೂರ್ತಿ ಕಾಯ್ತಿತ್ತು, ಇದು ಆರು ತಿಂಗಳಿಗೊಮ್ಮೆ ಹಾಕ್ಬೇಕು, ವೈರಸ್ಸಲ್ಲೂ ಬೇರೆಬೇರೆ ತಳಿ ಇದೆ, ಕಾಟಿ ಜಿಂಕೆಗೂ ಬರುತ್ತೆ. 2019ರಿಂದ ಕೇಂದ್ರದ ಕಾರ್ಯಕ್ರಮದಲ್ಲಿ ಕಿವಿಗೆ ಹನ್ನೆರಡು ಅಂಕಿಯ ಓಲೆ ಹಾಕಿ ಆನ್‌ಲೈನ್ ಎಂಟ್ರಿ ಮಾಡ್ಬೇಕು. ಒಳ್ಳೇದೇ, ಆದ್ರೆ ಕಾಡಂಚಲ್ಲಿ ಓಲೆ ಅಂದ ತಕ್ಷಣ ಮತ್ತೆ ಹಳೇ ಎಣಿಕೆ ಭಯ. ಹಾಗಾಗಿ ಹುಡುಗ್ರಿಗೆ ಹೇಳೋದು, ಮೊದಲು ಲಸಿಕೆ ಹಾಕಿ, ನಂಬಿಕೆ ಬಂದ್ಮೇಲೆ ಓಲೆಗೆ ಕಿವಿ ತಾನಾಗೇ ಸಿಗುತ್ತೆ. ಬೇಸಿಗೇಲಿ ಕಟ್ಟೆಗಳು ಬತ್ತಿ ದನ ಕಾಟಿ ಎಲ್ಲಾ ಉಳಿದ ಒಂದೇ ನೀರಿಗೆ ಬರೋ ಮುಂಚೆ, ಕಡೇಪಕ್ಷ ಮೂರು ವಾರ ಮೊದಲೇ ಮುಗಿಸಿ, ಶಕ್ತಿ ಬರೋಕೆ ಅಷ್ಟು ಟೈಮ್ ಬೇಕು. ಸಂತೆಯಿಂದ ಹೊಸದಾಗಿ ತಂದ ಎತ್ತನ್ನ ತಕ್ಷಣ ಮಂದೆಗೆ ಬಿಡಬೇಡಿ ಅಂತ ಹೇಳಿ. ದಿಢೀರ್ ಅಂತ ಸತ್ತು ಮೂಗಲ್ಲಿ ರಕ್ತ ಬಂದಿರೋ ದನ ಕಂಡ್ರೆ ಕೊಯ್ದು ನೋಡೋಕೆ ಹೋಗ್ಲೇಬೇಡಿ, ಅದು ಮನುಷ್ಯರಿಗೂ ಹತ್ತೋ ಆಂಥ್ರಾಕ್ಸ್ ರೋಗ ಇರಬಹುದು, ಕಿವಿಯಿಂದ ಒಂದು ಹನಿ ರಕ್ತ ಸ್ಲೈಡಿಗೆ ತಗೊಂಡು ಲ್ಯಾಬಿಗೆ ಕಳಿಸಿ, ಆಳವಾಗಿ ಗುಂಡಿ ತೆಗೆಸಿ ಸುಣ್ಣ ಹಾಕಿ ಹೂಳಿಸಿ, ನೀರಿನ ಕಡೆಯಿಂದ ದೂರ. ಜೆಸಿಬಿ ಬಾಡಿಗೆಗೆ ಯಾರು ದುಡ್ಡು ಕೊಡ್ತಾರೆ ಅನ್ನೋದನ್ನ ಪಂಚಾಯ್ತಿ ಹತ್ರ ಮೊದಲೇ ಮಾತಾಡಿಟ್ಕೊಳಿ, ಸತ್ತ ದಿನ ಮಾತಾಡೋಕೆ ಹೋದ್ರೆ ಅಷ್ಟೊತ್ತಿಗೆ ನಾಯಿಗಳು ಬಂದಿರ್ತಾವೆ.